ಮುಚ್ಚಿದ ಕಾರ್ಖಾನೆಯಲ್ಲಿ ಓದಿದ ಅರ್ಥಶಾಸ್ತ್ರ

ಖಾನಾಪುರದ ಹಂಚಿನ ಕಾರ್ಖಾನೆ ಮುಚ್ಚಿದಾಗ ಎಲ್ಲರ ಕೆಲಸ ಹೋಯಿತು, ನನ್ನದು ಹೋಗಲಿಲ್ಲ. ಮಣ್ಣು ಹದ ಮಾಡುವವರು, ಹಸಿ ಹಂಚನ್ನು ಹೊತ್ತು ನೆರಳಿನಲ್ಲಿ ಒಣಗಲು ಇಡುವ ಹೆಂಗಸರು, ಭಟ್ಟಿಗೆ ಕಟ್ಟಿಗೆ ಹಾಕುವವರು, ಲಾರಿ ತುಂಬುವವರು, ಎಲ್ಲರೂ ಹೊರಟುಹೋದರು. ಆಫೀಸಿನಲ್ಲಿ ಟೈಪ್ ಮಾಡಿಕೊಂಡು, ಫೋನ್ ಎತ್ತಿಕೊಂಡಿದ್ದ ನಾನು ಉಳಿದೆ. ಗೇಟಿನಲ್ಲಿ ಒಬ್ಬ ವಯಸ್ಸಾದ ವಾಚ್‌ಮನ್ ಉಳಿದರು. ಇಸವಿ ಎರಡು ಸಾವಿರ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು.

ಮಾಲಕರು ಬೆಳಗಾವಿಯಲ್ಲಿದ್ದರು. ಜೈನರು, ಮೃದು ಮಾತಿನವರು, ಅವರ ತಂದೆ ಕಟ್ಟಿದ ಕಾರ್ಖಾನೆ ಅದು. ಮುಚ್ಚುವ ದಿನ ನನ್ನನ್ನು ಕರೆದು ಹೇಳಿದರು: "ಜಾಗಾ ಮಾರೂತನಕ ಫೋನ್ ಎತ್ತಾಕ ಒಬ್ಬರು ಬೇಕವಾ. ಹಳೇ ಗಿರಾಕಿ ಕೇಳ್ತಾರ, ಬ್ಯಾಂಕಿನವರು ಕೇಳ್ತಾರ. ನೀ ಇರು ತಂಗಿ."

"ನಾ ಏನ್ ಹೇಳ್ಲಿರಿ ಅವರಿಗೆ?"

"ಹಂಚು ಬಂದ್ ಆಗ್ಯಾವು ಅಂತ ಹೇಳು. ಸಿಮೆಂಟ್ ಪತ್ರಾ ಬೇಕಾದ್ರ ಬೆಳಗಾವಿ ಅಂಗಡಿ ನಂಬರ್ ಕೊಡು."

ಹೌದು, ಅವರೇ ಸಿಮೆಂಟ್ ಪತ್ರಾದ, ಅಂದರೆ ಮಾಡಿಗೆ ಹೊದಿಸುವ ಶೀಟುಗಳ, ಅಂಗಡಿ ತೆರೆದಿದ್ದರು. ಹಂಚಿಗಿಂತ ಪತ್ರಾ ಅಗ್ಗ, ಬೇಗ ಕೂಡುತ್ತದೆ, ಕೆಳಗೆ ಹೆಚ್ಚು ಕಟ್ಟಿಗೆ ಬೇಡ. ಹೊರಗಿನಿಂದ ಬರುವ ಹೊಳಪಿನ ಮಾಲಿನ ಮುಂದೆ ನಮ್ಮ ಕೆಂಪು ಹಂಚು ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಅವರನ್ನು ದೂರಲು ನನಗೆ ಆಗಲೂ ಮನಸ್ಸಾಗಲಿಲ್ಲ, ಈಗಲೂ ಇಲ್ಲ.

ನಾನು ಬೈಲಹೊಂಗಲದ ಕಡೆಯ ಹಳ್ಳಿಯವಳು. ಅವ್ವ ಅಣ್ಣನ ಮನೆಯಲ್ಲಿದ್ದಳು. ನನ್ನ ಮದುವೆಯ ಮಾತನ್ನು ಮನೆಯವರು ಯಾವಾಗ ಬಿಟ್ಟರೋ ನನಗೆ ತಿಳಿಯಲೇ ಇಲ್ಲ. ಒಂದು ಹಬ್ಬಕ್ಕೆ ಹೋದಾಗ ಯಾರೂ ಆ ಸುದ್ದಿ ಎತ್ತಲಿಲ್ಲ, ಆಗ ಅರ್ಥವಾಯಿತು. ಖಾನಾಪುರದ ಸ್ಟೇಷನ್ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಕಾರ್ಖಾನೆಯ ಹೆಂಗಸರು ತಮ್ಮತಮ್ಮಲ್ಲಿ ಮರಾಠಿ, ನನ್ನ ಜೊತೆ ಕನ್ನಡ ಮಾತಾಡುತ್ತಿದ್ದರು. ನಾನು ಮರಾಠಿ ಮಾತಾಡಲು ಹೋದರೆ ಕ್ರಿಯಾಪದಗಳೆಲ್ಲ ಗಂಡು ಹೆಣ್ಣು ಅದಲುಬದಲಾಗಿ, ಅವರು ಊಟದ ಡಬ್ಬಿ ಕೆಳಗಿಟ್ಟು ನಗುತ್ತಿದ್ದರು. "ಬಾಯಾರ, ಇನ್ನೊಮ್ಮೆ ಹೇಳ್ರಿ," ಎಂದು ಬೇಕಂತಲೇ ಹೇಳಿಸುತ್ತಿದ್ದರು. ಮಧ್ಯಾಹ್ನದ ಆ ಅರ್ಧ ತಾಸು ನನ್ನ ಇಡೀ ದಿನದ ಮಾತುಕತೆಯಾಗಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಕುಳಿತು ಒಬ್ಬಳೇ ಉಣ್ಣಲು ಎರಡು ದಿನ ನೋಡಿದೆ. ಮೂರನೇ ದಿನದಿಂದ ಆಫೀಸಿನ ಮೇಜಿನ ಮೇಲೆಯೇ ಉಂಡೆ.

ಫೋನ್ ದಿನಕ್ಕೆ ಎರಡು ಸಲ ಹೊಡೆದರೆ ಹೆಚ್ಚು. ಅದಕ್ಕೇ ಧಾರವಾಡದ ವಿಶ್ವವಿದ್ಯಾಲಯಕ್ಕೆ ಎಂ.ಎ. ಪರೀಕ್ಷೆಗೆ ಹೊರಗಿನಿಂದ ಕಟ್ಟಿದೆ. ವಿಷಯ ಅರ್ಥಶಾಸ್ತ್ರ. ಬಿ.ಎ.ಯಲ್ಲಿ ನನಗೆ ಆ ವಿಷಯ ಇಷ್ಟವಾಗಿತ್ತು. ಬೇಡಿಕೆಯ ಗೆರೆ ಮೇಲಿನಿಂದ ಇಳಿಯುತ್ತದೆ, ಪೂರೈಕೆಯ ಗೆರೆ ಕೆಳಗಿನಿಂದ ಏರುತ್ತದೆ, ಎರಡೂ ಕೂಡುವ ಜಾಗವೇ ಬೆಲೆ. ನಮ್ಮ ಮನೆಯಲ್ಲಿ ಯಾವ ಮಾತೂ ಅಷ್ಟು ಸರಳವಾಗಿ ಮುಗಿದದ್ದಿರಲಿಲ್ಲ. ಸರ್ಕಾರ ಕೈ ತೆಗೆದರೆ, ಗಡಿ ತೆರೆದರೆ, ಎಲ್ಲವೂ ತನ್ನ ಜಾಗಕ್ಕೆ ತಾನೇ ಹೋಗಿ ನಿಲ್ಲುತ್ತದೆ ಎಂಬುದನ್ನು ನಾನು ಮನಸಾರೆ ನಂಬಿದ್ದೆ.

ಒಂದು ದಿನ ವಾಚ್‌ಮನ್ ಕಾಕಾ ಚಹಾ ತಂದುಕೊಟ್ಟು ಪುಸ್ತಕ ನೋಡಿದರು. ಅವರ ಮನೆತನ ಕುರಿ ಕಾಯುವವರದು. ಅವರ ಮನೆಯಲ್ಲಿ ಪಗಾರಕ್ಕೆ ಬಂದವರಲ್ಲಿ ಇವರೇ ಮೊದಲಿಗರು.

"ಏನ್ ಓದಾಕತ್ತೀರಿ ಬಾಯಾರ?"

"ಉದಾರೀಕರಣ ಅಂತ ಕಾಕಾ."

"ಉಧಾರಿ ಅಂದ್ರ ಉದ್ರಿ, ಸಾಲ. ಉದ್ರಿ ತಗೊಳ್ಳಾಕ ಇಷ್ಟ ದಪ್ಪ ಪುಸ್ತಕ ಬೇಕೇನ್ರಿ?"

ನಾನು ನಕ್ಕು, ಅದು ಬೇರೆ, ಇದು ಬೇರೆ, ಇದು ಉದಾರ ಮನಸ್ಸಿನ ಉದಾರ ಎಂದು ಹೇಳಿದೆ. ಅವರು ಖಾಲಿ ಅಂಗಳದ ಕಡೆ ಒಮ್ಮೆ ನೋಡಿ, "ಹಂಗಾದ್ರ ಛಲೋ ಬಿಡ್ರಿ," ಎಂದು ಹೋದರು. ಅವರು ವ್ಯಂಗ್ಯ ಮಾಡಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಪುಟವನ್ನು ಆ ದಿನ ಮತ್ತೆ ಓದಲಾಗಲಿಲ್ಲ.

ತಿಂಗಳಿಗೊಮ್ಮೆ ಪುಸ್ತಕಕ್ಕಾಗಿ ಬೆಳಗಾವಿಗೆ ಹೋಗುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ಒಮ್ಮೆ ನಮ್ಮ ಕಾರ್ಖಾನೆಯ ನಾಲ್ಕೈದು ಹೆಂಗಸರು ಕಂಡರು. ಬೆಳಗಾವಿಗೆ ಮುಂಚೆ ಸಿಗುವ ಮಚ್ಛೆಯ ಯಾವುದೋ ಸಣ್ಣ ಫ್ಯಾಕ್ಟರಿಗೆ ಗುತ್ತಿಗೆ ಕೆಲಸಕ್ಕೆ ಹೊರಟಿದ್ದರು. ನನ್ನ ಮರಾಠಿಗೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ, ನನ್ನದೇ ವಯಸ್ಸಿನ ಒಬ್ಬಳಿದ್ದಳು. ನಾನು ಸರಿದು ಕುಳಿತು ಆಕೆಗೆ ಜಾಗ ಮಾಡಿದೆ. ಆಕೆ ಕೂಡಲಿಲ್ಲ. ಕಂಬಿ ಹಿಡಿದು ನಿಂತೇ ಕೇಳಿದಳು.

"ನಿಮಗ ಪಗಾರ ಇನ್ನೂ ಐತೇನ್ರಿ?"

"ಐತಿ."

"ಛಲೋ ಆತು."

ನಾನು, "ಅಲ್ಲಿ ಕೆಲಸ ಹ್ಯಾಂಗೈತಿ?" ಎಂದೆ.

"ಕೆಲಸ ಕೆಲಸದಂಗ ಐತಿ. ಹೆಸರ ಕೇಳೂದಿಲ್ಲ ಅಲ್ಲಿ. 'ಏ ಖಾನಾಪುರ' ಅಂತ ಕರೀತಾರ. ನಾವು ಐದೂ ಮಂದಿ ಖಾನಾಪುರ. ಒಬ್ಬಾಕಿನ್ನ ಕರದ್ರ ಐದೂ ಮಂದಿ ತಿರಗತೀವಿ."

ಹೇಳಿ ಹಿಂದೆ ಹೋಗಿ ತನ್ನವರ ಜೊತೆ ನಿಂತಳು. ನನ್ನ ಪಕ್ಕದ ಸೀಟು ಮಚ್ಛೆಯವರೆಗೂ ಖಾಲಿಯೇ ಇತ್ತು. ಅವರು ಇಳಿಯುವಾಗ ಹಿರಿಯಳೊಬ್ಬಳು ಮಾತ್ರ ತಲೆ ಅಲ್ಲಾಡಿಸಿದಳು. ಅವರ ಸಿಟ್ಟಿಗೆ ಕಾರಣವಿತ್ತು ಎಂದು ನನಗೆ ಗೊತ್ತಿತ್ತು, ನಾನು ತಪ್ಪು ಮಾಡಿಲ್ಲ ಎಂದೂ ಗೊತ್ತಿತ್ತು. ಪುಸ್ತಕದಲ್ಲಿ ಅಸಮಾನತೆ ಎಂದರೆ ಬಿಲ್ಲಿನಂತೆ ಬಾಗಿದ ಒಂದು ಗೆರೆ. ಗೆರೆ ಎಷ್ಟು ಬಾಗಿದರೆ ಅಷ್ಟು ಅಂತರ. ಅಂತರ ಬೆಳೆದರೆ ಜನ ಒಬ್ಬರ ಜೊತೆ ಒಬ್ಬರು ಕೂಡುವುದನ್ನೇ ಬಿಡುತ್ತಾರೆ ಎಂದು ಅದರಲ್ಲಿ ಬರೆದಿರಲಿಲ್ಲ. ನಾನೇನು ಶ್ರೀಮಂತಳೇ? ನನ್ನ ಪಗಾರದಲ್ಲಿ ಖೋಲಿಯ ಬಾಡಿಗೆ, ಊಟ, ಅವ್ವನಿಗೆ ಒಂದಿಷ್ಟು, ಅಷ್ಟೇ. ಆದರೂ ಆ ಬಸ್ಸಿನಲ್ಲಿ ನಾನು ಉಳ್ಳವರ ಕಡೆಯವಳಾಗಿದ್ದೆ.

ಅಂಗಳದಲ್ಲಿ ಮಾರಾಟವಾಗದ ಹಂಚುಗಳ ಸಾಲುಗಳು ಹಾಗೇ ನಿಂತಿದ್ದವು. ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾದವು, ಚಳಿಗಾಲದಲ್ಲಿ ಪಾಚಿ ಒಣಗಿ ಕಪ್ಪಾದವು. ಬೇಸಿಗೆ ಶುರುವಾದಾಗ ಮಾಲಕರ ಫೋನ್ ಬಂತು. ಜಾಗಕ್ಕೆ ಗಿರಾಕಿ ಸಿಕ್ಕಿದ್ದ. ಪ್ಲಾಟ್ ಮಾಡಿ ಮಾರುತ್ತಾನಂತೆ.

"ಹಂಚು ಏನ್ ಮಾಡೂದ್ರಿ ಮಾಲಕರ?"

"ಹಿಂದಿನ ಬಾಜು ತಗ್ಗು ಐತಲ್ಲ, ಅಲ್ಲಿ ಒಡದು ತುಂಬತಾನಂತ. ಮಣ್ಣು ತರೂದು ಉಳೀತೈತಿ ಅವಗ."

"ಒಳ್ಳೇ ಹಂಚ್ ಅದಾವಲ್ರೀ ಅವು."

"ಒಳ್ಳೇವ ಅವ ತಂಗಿ. ಒಯ್ಯೂ ಖರ್ಚು ಅವುಗಳ ಬೆಲೀಕಿಂತ ಜಾಸ್ತಿ ಆಗತೈತಿ. ಬೆಲಿ ಇಲ್ಲ ಅವಕ್ಕ."

ನನಗೆ ಬಸ್ಸಿನ ಹೆಂಗಸರ ಓಣಿ ಕಣ್ಣ ಮುಂದೆ ಬಂತು. ಕಾರ್ಖಾನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿ ಬಹಳಷ್ಟು ಮನೆಗಳಿಗೆ ಪತ್ರಾ ಬಂದಿತ್ತು. "ಬೇಕಾದವರು ಒಯ್ಯಲೇನ್ರಿ?" ಎಂದೆ.

"ಒಯ್ಯಲಿ. ಗಾಡಿ ಬಾಡಿಗಿ ನಾ ಕೊಡೂದಿಲ್ಲ ಮತ್ತ."

ಆ ಸಂಜೆ ನನಗೆ ಆದ ಸಂತೋಷ ಹೇಳತೀರದು. ಮುಖ ತೊಳೆದುಕೊಂಡು ಓಣಿಗೆ ಹೋದೆ. ಬಹಳ ದಿನದ ಮೇಲೆ ಯಾರದೋ ಮನೆಗೆ ಹೋಗಲು ನನ್ನ ಬಳಿ ಒಂದು ಕಾರಣವಿತ್ತು.

ಮೊದಲು ಹೋದದ್ದು ಬಸ್ಸಿನಲ್ಲಿ ಸಿಕ್ಕವಳ ಮನೆಗೆ. ಆಗ ತಾನೇ ಮಚ್ಛೆಯಿಂದ ಬಂದಿದ್ದಳು. ಒಳಗೆ ಕಾಲಿಟ್ಟರೆ ತಲೆಯ ಮೇಲಿನ ಪತ್ರಾ ಇನ್ನೂ ದಿನದ ಬಿಸಿಯನ್ನು ಕೆಳಗೆ ಬಿಡುತ್ತಿತ್ತು. ಹಿಂದೆ ಖಾನಾಪುರದಲ್ಲಿ ಫ್ಯಾನ್ ಇದ್ದ ಮನೆ ಎಂದರೆ ಬೆರಳು ಮಾಡಿ ತೋರಿಸುವಷ್ಟು ಅಪರೂಪ. ಈಗ ಆಕೆಯ ಮನೆಯಲ್ಲಿ ಫ್ಯಾನ್ ತಿರುಗುತ್ತಿತ್ತು, ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು.

"ಬರ್ರಿ, ಕುಂದರ್ರಿ," ಎಂದು ಚಾಪೆ ಹಾಕಿದಳು. ನಾನು ವಿಷಯ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಹಂಚು ಪುಕ್ಕಟ ಆದ್ರ ಏನ್ ಬಂತ್ರಿ? ಕೆಳಗ ತೊಲಿ ಬೇಕು, ರೀಪು ಬೇಕು. ಪತ್ರಾ ಹಾಕೂವಾಗ ಅದನ್ನೆಲ್ಲಾ ಮಾರಿ ಪತ್ರಾಕ್ಕ ರೊಕ್ಕಾ ಕೊಟ್ವಿ. ಈಗ ಆ ಕಟ್ಟಿಗಿ ಎಲ್ಲಿಂದ ತರ್ಲಿ?"

"ಬಡಿಗ್ಯಾನ್ನ ಕೇಳಿದ್ರ..."

"ಹಂಚು ಹೊಂದಸೂ ಬಡಿಗ್ಯಾ ಗೋವಾಕ ಹೋಗ್ಯಾನ್ರಿ, ಸೆಂಟ್ರಿಂಗ್ ಕೆಲಸಕ್ಕ. ಮತ್ತ ಹಂಚು ಅಂದ್ರ ವರ್ಷಾ ಕೈಯಾಡಸಬೇಕು. ಮಂಗ್ಯಾ ಬಂದು ಕುಣೀತಾವ, ಒಡೀತಾವ. ಯಾರ್ ಹತ್ತೋರು ಮ್ಯಾಲೆ? ನಾ ಮಚ್ಛೆಕ್ಕ ಹೋಗಲೋ, ಮನಿ ಮ್ಯಾಲ ಹತ್ತಲೋ?"

ಆಮೇಲೆ ಆಕೆಯೇ ಸ್ವಲ್ಪ ಮೆತ್ತಗಾಗಿ ಹೇಳಿದಳು: "ಸೋರೂದಿಲ್ಲ ಇದು, ಅಷ್ಟ ಛಲೋ. ಆದ್ರ ಮಳಿ ಹತ್ತಿದ್ರ ಖರೇ ಹೇಳ್ತೀನಿ ಬಾಯಾರ, ಒಬ್ಬರ ಮಾತು ಒಬ್ಬರಿಗೆ ಕೇಳೂದಿಲ್ಲ. ಒದರಿ ಒದರಿ ಸಾಕಾಗಿ ಸುಮ್ಮನ ಕುಂದರತೀವಿ. ಈಗ ಮಳೀನೂ ಮೊದಲಿನಂಗ ಇಲ್ಲ, ಒಮ್ಮೆ ಸುರದ್ರ ಊರ ಒಯ್ಯೂವಂಗ ಸುರೀತೈತಿ, ಇಲ್ಲಂದ್ರ ಇಲ್ಲ."

ಇನ್ನೂ ಕೆಲವು ಮನೆಗಳಿಗೆ ಹೋದೆ. ಎಲ್ಲ ಕಡೆ ಹೆಚ್ಚುಕಡಿಮೆ ಅದೇ ಮಾತು. ಒಂದು ಮನೆಯಲ್ಲಿ ಮಾತ್ರ, "ನಮ್ಮನ್ನ ಬಿಡಿಸಿ ಈಗ ದಾನ ಮಾಡಾಕ ಬಂದೀರೇನು?" ಎಂದರು. ಬಿಡಿಸಿದವಳು ನಾನಲ್ಲ ಎಂದು ಹೇಳಬಹುದಿತ್ತು. ಹೇಳದೆ ಎದ್ದು ಬಂದೆ.

ಅಂದು ಖೋಲಿಗೆ ಬಂದು ಪುಸ್ತಕ ತೆರೆದು ಆ ಎರಡು ಗೆರೆಗಳನ್ನು ನೋಡುತ್ತಾ ಕುಳಿತೆ. ಒಂದು ವಸ್ತು ಹೋದರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ ಎನ್ನುತ್ತಿತ್ತು ಪುಸ್ತಕ. ಹಂಚಿನ ಜೊತೆ ಬಡಿಗ ಹೋದ, ರೀಪು ಹೋಯಿತು, ಮನೆ ಹತ್ತಲು ಇದ್ದ ಬಿಡುವು ಹೋಯಿತು, ಹಗಲಿನ ತಂಪು ಹೋಯಿತು, ಮಳೆಯಲ್ಲಿ ಕೂತು ಮಾತಾಡುವುದು ಹೋಯಿತು. ಇವುಗಳಲ್ಲಿ ಯಾವುದಕ್ಕೂ ಬೆಲೆ ಬರೆದಿರಲಿಲ್ಲ, ಆದ್ದರಿಂದ ಯಾವುದೂ ನಷ್ಟವೆಂದು ಎಲ್ಲಿಯೂ ಬರಲಿಲ್ಲ. ಹುಡುಕಿದಾಗ ಕೊನೆಯ ಕಡೆ 'ಬಾಹ್ಯ ಪರಿಣಾಮಗಳು' ಎಂದು ಅರ್ಧ ಪುಟ ಸಿಕ್ಕಿತು. ಹೊಗೆ, ಕೊಳಚೆ ನೀರು ಇತ್ಯಾದಿ. ಬಾಹ್ಯ, ಅಂದರೆ ಹೊರಗಿನದು. ಯಾವುದರ ಹೊರಗೆ ಎಂದು ನನಗೆ ಕೇಳಬೇಕೆನಿಸಿತು. ಕೇಳಲು ಆ ಊರಿನಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ತಲೆ ಅಲ್ಲಾಡಿಸಿದ್ದ ಹಿರಿಯಳು ತಾನಾಗಿ ಗೇಟಿಗೆ ಬಂದಳು. ಗಂಡ ಇಲ್ಲ, ಒಬ್ಬಳೇ ಇರುವವಳು, ಹಳೆಯ ಹಂಚಿನ ಮನೆಯನ್ನು ಹಾಗೇ ಉಳಿಸಿಕೊಂಡಿದ್ದಳು. "ಒಡದ ಹಂಚಿನ ಜಾಗಕ್ಕ ಒಂದಿಷ್ಟು ಬೇಕ್ರಿ," ಎಂದಳು. ಕಾಕಾ ತಮ್ಮ ಆಡಿನ ಕೊಟ್ಟಿಗೆಗೆ ಕೆಲವನ್ನು ಆರಿಸಿದರು. ನಾನೂ ಸೆರಗು ಸಿಕ್ಕಿಸಿಕೊಂಡು ಹೊತ್ತೆ. ಆ ಕಾರ್ಖಾನೆಯಲ್ಲಿ ಅಷ್ಟು ವರ್ಷ ಇದ್ದು ಒಂದು ಹಂಚನ್ನೂ ಹೊತ್ತಿರಲಿಲ್ಲ. ಎರಡನೇ ಸಲಕ್ಕೇ ಕುತ್ತಿಗೆ ಹಿಡಿಯಿತು.

"ಸಾಕ್ರಿ ಬಾಯಾರ, ನಾಳೆ ಫೋನ್ ಎತ್ತಾಕ ಕೈ ಬರಂಗಿಲ್ಲ," ಎಂದು ಆಕೆ ನಕ್ಕಳು. ನಾನು ನನ್ನ ಮುರುಕು ಮರಾಠಿಯಲ್ಲಿ ಏನೋ ಹೇಳಿದೆ. ಆಕೆ ಇನ್ನೂ ಜೋರಾಗಿ ನಕ್ಕಳು. ಆ ವರ್ಷ ನಾನು ಕೇಳಿದ ನಗುವೆಂದರೆ ಅದೊಂದೇ ಇರಬೇಕು.

ಆಕೆ ಒಯ್ದದ್ದು, ಕಾಕಾ ಒಯ್ದದ್ದು ಎಲ್ಲ ಸೇರಿದರೂ ಒಂದು ಸಾಲು ಕರಗಲಿಲ್ಲ. ಉಳಿದವನ್ನು ಒಡೆಯಲು ಜೆಸಿಬಿ ಬಂದ ದಿನ ಮಾಲಕರೂ ಬಂದರು. ಒಳಗೆ ಬರಲಿಲ್ಲ, ರಸ್ತೆಯಲ್ಲೇ ಕಾರಿನಲ್ಲಿ ಕುಳಿತರು. ನಾನು ಕೀಲಿಕೈ ಕೊಡಲು ಹೋದಾಗ ಬಾಗಿಲು ತೆರೆದು, "ಕುಂದರು ತಂಗಿ," ಎಂದರು. ಗಾಜು ಏರಿಸಿದ್ದರೂ ಹಂಚು ಒಡೆಯುವ ಸದ್ದು ಒಳಗೆ ಬರುತ್ತಿತ್ತು.

"ನಮ್ಮಪ್ಪ ಇದ್ದಿದ್ರ ನನ್ನ ಮುಖಾ ನೋಡ್ತಿದ್ದಿಲ್ಲ," ಎಂದರು. ನಂತರ, ನಾನು ಏನೂ ಕೇಳದಿದ್ದರೂ ಹೇಳಿದರು: "ಹಂಗಂತ ನಾವೂ ದೊಡ್ಡ ಧರ್ಮಾತ್ಮರೇನಲ್ಲ. ಜಾಂಬೋಟಿ ಕಡೆ ಕಾಡಿನ ಕಟ್ಟಿಗಿ ಎಷ್ಟ ಸುಟ್ಟೀವಿ ಈ ಭಟ್ಟಿಯೊಳಗ. ಕಡದವರ ಕೂಲಿ ಕೊಟ್ವಿ, ಲಾರಿ ಬಾಡಿಗಿ ಕೊಟ್ವಿ, ಕಟ್ಟಿಗಿ ರೇಟ್ ಕೊಟ್ವಿ. ಆ ಗಿಡಾ ಮತ್ತ ಅಷ್ಟ ಆಗಾಕ ಏನ್ ಬೇಕೋ ಅದನ್ನ ಯಾರೂ ಕೇಳಲಿಲ್ಲ, ನಾವೂ ಕೊಡಲಿಲ್ಲ."

ಕಾಕಾ ಹೇಳಿದ ಉಧಾರಿ ಇದೇ ಇರಬೇಕೆಂದು ನನಗೆ ಆಗ ಹೊಳೆಯಿತು. ಅದನ್ನು ಹೇಳದೆ ಕೀಲಿಕೈಯನ್ನು ಮಾಲಕರ ಕೈಗೆ ಕೊಟ್ಟೆ.

"ಪತ್ರಾ ಅಂಗಡಿಗೆ ಬಾ. ಇಲ್ಲಿ ಕೊಟ್ಟಷ್ಟ ಪಗಾರ ಕೊಡ್ತೀನಿ."

"ಪರೀಕ್ಷಾ ಐತ್ರಿ ಮಾಲಕರ. ಮುಗಿದ ಮ್ಯಾಲ ನೋಡ್ತೀನ್ರಿ."

"ನೋಡಂಗಿಲ್ಲ ನೀ," ಎಂದು ಬೇಸರವಿಲ್ಲದೆ ಹೇಳಿದರು. ಅವರಿಗೆ ಗೊತ್ತಾಗಿತ್ತು.

ಪರೀಕ್ಷೆ ಬೆಳಗಾವಿಯ ಒಂದು ಕಾಲೇಜಿನಲ್ಲಿ ನಡೆಯಿತು. ಒಂದು ಪ್ರಶ್ನೆ ಹೀಗಿತ್ತು: ಸಂಪನ್ಮೂಲಗಳ ದಕ್ಷ ಹಂಚಿಕೆಗೆ ಉದಾರೀಕರಣ ಹೇಗೆ ನೆರವಾಗುತ್ತದೆ, ವಿವರಿಸಿ. 'ಹಂಚಿಕೆ' ಎಂಬ ಪದದಲ್ಲಿ ನನಗೆ ಹಂಚೇ ಕಾಣಿಸಿ ಪೆನ್ನು ನಿಂತುಬಿಟ್ಟಿತು. ಅಕ್ಕಪಕ್ಕದವರು ಬರೆಯುತ್ತಿದ್ದರು. ನಾನೂ ಪುಸ್ತಕದಲ್ಲಿದ್ದ ಉತ್ತರವನ್ನು ಬರೆದೆ, ಅದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಆಮೇಲೆ ಒಂದು ಪುಟ ಹೆಚ್ಚಿಗೆ ಬರೆದೆ. ಬೇಕಾದವರ ಮನೆ ಪಕ್ಕದಲ್ಲೇ ಇದ್ದರೂ ಒಳ್ಳೆಯ ವಸ್ತುವನ್ನು ಒಡೆದು ತಗ್ಗು ತುಂಬುವುದು ಅಗ್ಗವಾಗುವ ವ್ಯವಸ್ಥೆಯನ್ನು ದಕ್ಷ ಎನ್ನಲು ನನಗೆ ಆಗುವುದಿಲ್ಲ. ಕಾಡನ್ನು, ಮಳೆಯನ್ನು, ಜನರ ಬಿಡುವನ್ನು ಪುಕ್ಕಟೆ ಎಂದು ಹಿಡಿದು ಹಾಕಿದ ಬೆಲೆ ಪೂರ್ತಿ ಬೆಲೆಯಲ್ಲ. ಹಳೆಯ ಕಾರ್ಖಾನೆಯ ಬೆಲೆಯೂ ಪೂರ್ತಿಯಾಗಿರಲಿಲ್ಲ, ಹೊಸದರದ್ದೂ ಅಲ್ಲ. ಇಷ್ಟೇ ಅದರ ಸಾರ. ಉತ್ತರ ಏನಾಗಬೇಕು ಎಂದು ನನಗೆ ತಿಳಿದಿರಲಿಲ್ಲ, ಅದನ್ನೂ ಬರೆದೆ. ಪಾಸಾದೆ. ಆ ಪತ್ರಿಕೆಯಲ್ಲಿ ಮಾತ್ರ ದಡ ಮುಟ್ಟುವಷ್ಟೇ ಅಂಕ. ಆ ಪುಟದಿಂದ ಹಾಗಾಯಿತೋ, ನನ್ನ ಅಕ್ಷರದಿಂದಲೋ, ಯಾರಿಗೆ ಗೊತ್ತು.

ಬೆಳಗಾವಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಪಗಾರ ಕಾರ್ಖಾನೆಗಿಂತ ಕಡಿಮೆ. ಖಾನಾಪುರದ ಖೋಲಿ ಬಿಟ್ಟು ಬಂದೆ. ಸ್ಟಾಫ್‌ರೂಮಿನಲ್ಲಿ ಅರ್ಥಶಾಸ್ತ್ರದವರು ಇನ್ನಿಬ್ಬರಿದ್ದರು, ಇಬ್ಬರೂ ಹಿರಿಯರು, ಒಳ್ಳೆಯವರೇ. ಆಗ ಎಲ್ಲರ ಬಾಯಲ್ಲೂ ಷೇರು, ಹೊಸ ಫೋನು, ಹೊಸ ಕಾರು. ನಾನು ಒಮ್ಮೆ ಹಂಚಿನ ಕತೆ ಹೇಳಿದಾಗ ಒಬ್ಬರು ಚಹಾ ಕುಡಿಯುತ್ತಲೇ, "ಇದು ಭಾವನಾ ಐತ್ರಿ ಮೇಡಂ, ಅರ್ಥಶಾಸ್ತ್ರ ಅಲ್ಲ," ಎಂದರು. ಅವರಿಗೆ ನೋಯಿಸುವ ಇರಾದೆ ಇರಲಿಲ್ಲ. ಆದರೂ ಅಂದಿನಿಂದ ಅಲ್ಲಿ ನಾನು ಆ ಮಾತು ಎತ್ತುವುದನ್ನು ಬಿಟ್ಟೆ. ಇಡೀ ಊರು ಒಂದು ದಿಕ್ಕಿಗೆ ಖುಷಿಯಿಂದ ಹೊರಟಾಗ ನಿಂತು ನೋಡುವವರಿಗೆ ಆಗುವ ಒಂಟಿತನ ಕಾರ್ಖಾನೆಯ ಒಂಟಿತನಕ್ಕಿಂತ ಬೇರೆ. ಅಲ್ಲಿ ಜನ ಇರಲಿಲ್ಲ. ಇಲ್ಲಿ ಜನ ಇದ್ದರು.

ಎರಡನೇ ವರ್ಷ ಪ್ರಾಣಿಶಾಸ್ತ್ರಕ್ಕೆ ಒಬ್ಬರು ಹೊಸ ಮೇಡಂ ಬಂದರು. ನನಗಿಂತ ಚಿಕ್ಕವರು. ಹುಡುಗಿಯರನ್ನು ಜಾಂಬೋಟಿಯ ಕಾಡಿಗೆ ಕರೆದೊಯ್ಯಲು ಜೊತೆಗೆ ಇನ್ನೊಬ್ಬ ಹೆಣ್ಣು ಬೇಕೆಂದು ನನ್ನನ್ನು ಕೇಳಿದರು. ಹೋದೆ. ಗದ್ದೆಗಳ ಮೇಲೆ ಮಂಜು ಇತ್ತು. ಕಪ್ಪೆ, ಜಿಗಣೆ, ಹಾವಿನ ಪೊರೆ ಎಂದು ಅವರು ತೋರಿಸುತ್ತಾ ಹೋದರು. ನಡುವೆ ಒಂದು ಬೋಳು ಗುಡ್ಡ ಬಂದಾಗ, ಇಲ್ಲಿಯ ಕಟ್ಟಿಗೆ ಎಲ್ಲಿಗೆ ಹೋಯಿತು ಎಂದು ಅವರು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ನನಗೆ ಗೊತ್ತಿತ್ತಲ್ಲ! ಭಟ್ಟಿ, ಹಂಚು, ಪತ್ರಾ, ಮಚ್ಛೆ, ಎಲ್ಲವನ್ನೂ ಹೇಳಿದೆ. ಅವರು ನಡೆಯುವುದನ್ನು ನಿಲ್ಲಿಸಿ ಕೇಳಿದರು. ಮಳೆಯ ಲಯ ತಪ್ಪಿದರೆ ಕಪ್ಪೆಗಳ ಮೊಟ್ಟೆ ಒಣಗುತ್ತವೆ ಎಂದು ಅವರು ಹೇಳಿದರು. ಮಳೆಯ ಲಯ ಎಂಬ ಮಾತು ನನಗೆ ಬಹಳ ಹಿಡಿಸಿತು. ಬಸ್ಸಿನಲ್ಲಿ ಬರುವಾಗಲೂ ಮಾತು ಮುಗಿಯಲಿಲ್ಲ.

ಒಂದು ವರ್ಷ ಇಬ್ಬರೂ ಕೂಡಿ ಶನಿವಾರ, ಕಾಡಿನ ಲೆಕ್ಕ ಮತ್ತು ಮಾರುಕಟ್ಟೆಯ ಲೆಕ್ಕ ಎರಡನ್ನೂ ಸೇರಿಸಿ ಪಾಠ ಮಾಡಿದೆವು. ಕೆಲವೇ ಹುಡುಗಿಯರು ಬರುತ್ತಿದ್ದರು. ಮರುವರ್ಷ ಅವರಿಗೆ ದೂರದ ಊರಿನಲ್ಲಿ ಕಾಯಂ ನೌಕರಿ ಸಿಕ್ಕಿ ಹೋದರು. ಮೊದಮೊದಲು ಫೋನ್ ಮಾಡುತ್ತಿದ್ದರು, ಆಮೇಲೆ ಅದೂ ಕಡಿಮೆಯಾಯಿತು.

ಜಾಂಬೋಟಿಯ ಪ್ರಯಾಣವನ್ನು ಮಾತ್ರ ನಾನು ಬಿಡಲಿಲ್ಲ. ಮೊದಲ ಸಲ ಆ ಮೇಡಂ ಇಲ್ಲದೆ ಹುಡುಗಿಯರನ್ನು ಕರೆದುಕೊಂಡು ಹೊರಟಾಗ ಪ್ರಿನ್ಸಿಪಾಲರು ಕರೆದು ಕೇಳಿದರು: "ಪ್ರಾಣಿಶಾಸ್ತ್ರದವರು ಹೋಗೂದು ಖರೇ. ಅರ್ಥಶಾಸ್ತ್ರದವರಿಗೆ ಗುಡ್ಡದಾಗ ಏನ್ ಐತ್ರಿ ಮೇಡಂ?"

ಭಟ್ಟಿಗೆ ಹೋದ ಕಟ್ಟಿಗೆ, ಬೋಳಾದ ಗುಡ್ಡ, ಲಯ ತಪ್ಪಿದ ಮಳೆ, ಯಾರೂ ಬೆಲೆ ಬರೆಯದ್ದು ಅಲ್ಲಿ ಏನೇನು ಐತಿ ಎಂದು ಹೇಳುತ್ತಾ ಹೋದೆ. ಅವರು ಅರ್ಧ ಕೇಳಿದರು, ಅರ್ಧ ಕಿಟಕಿಯ ಹೊರಗೆ ಮೋಡ ನೋಡಿದರು.

"ಆತು, ಹೋಗಿ ಬರ್ರಿ," ಎಂದರು. "ಛತ್ರಿ ತಗೊಂಡ ಹೋಗಾಕ ಹೇಳ್ರಿ ಹುಡುಗ್ಯಾರಿಗೆ."